ಮೊದಲು ಎಲೆ ಎಣಿಸಿ, ಆಮೇಲೆ ಛತ್ರ ಹಿಡಿಯಿರಿ

ತುಳಸಿ ಮದುವೆ ಮುಗಿಯಿತೆಂದರೆ ಮನುಷ್ಯರ ಮದುವೆಗಳ ಸರದಿ. ಛತ್ರ, ಅಡುಗೆ, ಬಂಗಾರ, ಹೂವು, ನೋಂದಣಿ... ಯಾರನ್ನು ಕೇಳಬೇಕು? ಏನನ್ನು ಕೇಳಬೇಕು? ಯಾವುದನ್ನು ಬರೆಸಿಕೊಳ್ಳಬೇಕು? ಉತ್ತರ ಬಹುಪಾಲು ನಿಮ್ಮ ಬೀದಿಯಲ್ಲೇ, ಕಳೆದ ವರ್ಷ ಮದುವೆ ಮಾಡಿದ ಮನೆಯಲ್ಲೇ ಇದೆ!

“ಎಷ್ಟು ಎಲೆ?”

ತುಮಕೂರಿನ ಹಳೇ ಬಡಾವಣೆಯ ಮನೆಯೊಂದರ ಜಗಲಿ. ಅಡುಗೆ ಭಟ್ಟರು ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡರು. ಹೋದ ವರ್ಷದ ಡೈರಿಯಲ್ಲಿ ಖಾಲಿ ಪುಟ ಹುಡುಕಿ, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳಿದ ಮೊದಲ ಪ್ರಶ್ನೆ ಅದು.

“ಆರುನೂರು ಅಂತ ಇಟ್ಕೊಳಿ” ಎಂದರು ಹುಡುಗಿಯ ತಂದೆ.

“ಆರುನೂರು ಎಲ್ಲಿ ಸಾಲತ್ತೆ? ನಮ್ಮ ತವರಿನ ಕಡೆಯೋರೇ ಮುನ್ನೂರು ಆಗ್ತಾರೆ. ಒಂಬೈನೂರು ಬರ್ಕೊಳಿ ಭಟ್ರೇ” ಎಂದು ಒಳಗಿನಿಂದ ತಾಯಿಯ ದನಿ.

ಮದುಮಗಳು ಮೊಬೈಲಿನಿಂದ ತಲೆಯೆತ್ತಿ, “ಅಪ್ಪಾ, ಮುನ್ನೂರೇ ಅಂತ ಅವತ್ತು ಮಾತಾಗಿತ್ತಲ್ಲ” ಎಂದಳು.

ಭಟ್ಟರು ಏನನ್ನೂ ಬರೆಯಲಿಲ್ಲ. “ನೀವು ಮೂರೂ ಜನ ಕೂತು ಒಂದು ಮಾತಿಗೆ ಬನ್ನಿ ಯಜಮಾನ್ರೇ. ಎಲೆ ಲೆಕ್ಕ ಗೊತ್ತಾಗದೆ ನಾನು ಸಾಮಾನು ಪಟ್ಟಿ ಹೆಂಗೆ ಬರೀಲಿ?” ಎಂದವರೇ ಕಾಫಿ ಮುಗಿಸಿ ಎದ್ದರು.

ಆ ಹೊತ್ತಿಗಾಗಲೇ ಸಾವಿರ ಜನ ಹಿಡಿಸುವ ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು. ಎಂಟುನೂರು ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಮಂಟಪದ ಅಲಂಕಾರಕ್ಕೆ ಒಬ್ಬರು, ಫೋಟೊಗೆ ಇನ್ನೊಬ್ಬರು ಗೊತ್ತಾಗಿದ್ದರು. ಎಲ್ಲಕ್ಕಿಂತ ಮೊದಲು ಗೊತ್ತಾಗಬೇಕಿದ್ದ ಸಂಖ್ಯೆಯೊಂದೇ ಬಾಕಿ.

ಮದುವೆ ಮನೆಗಳು ಹೆಚ್ಚಾಗಿ ಎಡವುವುದು ಇಲ್ಲೇ. ಛತ್ರದ ಗಾತ್ರ, ಅಡುಗೆಯ ಖರ್ಚು, ಕಾರ್ಡು, ತಾಂಬೂಲದ ಚೀಲ, ಬಸ್ಸು, ಬೀಗರಿಗೆ ರೂಮು ಎಲ್ಲವೂ ತಲೆಲೆಕ್ಕದ ಮೇಲೆ ನಿಂತಿವೆ. ಆ ಲೆಕ್ಕ ಕೂಡುವ ಮೊದಲೇ ಮುಂಗಡ ಕೊಟ್ಟರೆ, ಮುಂದೆ ಛತ್ರಕ್ಕೆ ತಕ್ಕಂತೆ ಜನರನ್ನು ಕರೆಯಬೇಕಾಗುತ್ತದೆ, ಜನರಿಗೆ ತಕ್ಕಂತೆ ಸಾಲ ಮಾಡಬೇಕಾಗುತ್ತದೆ.

ದಿನ ಹಿಡಿಯುವ ಧಾವಂತ

ಅವಸರಕ್ಕೂ ಕಾರಣವಿದೆ. ಕಾರ್ತಿಕ ಶುದ್ಧ ದ್ವಾದಶಿಯಂದು ನೆಲ್ಲಿಕೊಂಬೆ ಸಿಕ್ಕಿಸಿ ತುಳಸಿಗೆ ಮದುವೆ ಮಾಡಿದ ಮೇಲೆ ಲಗ್ನಗಳು ತೆರೆದುಕೊಳ್ಳುತ್ತವೆ. ಡಿಸೆಂಬರ್ ನಡುವಿಗೆ ಧನುರ್ಮಾಸ ಬಂದು ತಡೆ ಹಾಕುತ್ತದೆ. ಸಂಕ್ರಾಂತಿ ಕಳೆದ ಮೇಲೆ ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠ. ಆಷಾಢ ಬಂದರೆ ವಾಲಗ ಗೂಡು ಸೇರಿತು. ಕರಾವಳಿಯಲ್ಲಿ ಆಟಿ ತಿಂಗಳಿಗೂ ಅದೇ ನಿಯಮ. ಪಿತೃಪಕ್ಷ, ಗುರು ಶುಕ್ರರ ಅಸ್ತ ಇವನ್ನೂ ಕಳೆದರೆ ಉಳಿಯುವ ದಿನಗಳು ಎಷ್ಟು? ಅದರಲ್ಲೂ ಭಾನುವಾರ ಎಷ್ಟು?

ಇದರ ಮೇಲೆ ಅಧಿಕ ಮಾಸ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಮದುವೆಗಳಿಗೆ ಅಂಥ ಪೆಟ್ಟು ಬೀಳಲಿಲ್ಲ, ಲಗ್ನದ ಭರಾಟೆ ಅಷ್ಟರಲ್ಲಿ ಮುಗಿದಿತ್ತು. 2026ರ ಪಂಚಾಂಗದಲ್ಲಿ ಮಾತ್ರ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಮಕ್ಕಳಿಗೆ ರಜೆ ಇರುವ, ನೆಂಟರು ಊರಿಗೆ ಬರುವ ಕೊನೆಯ ವಾರಗಳೇ ಕೈತಪ್ಪಿದಂತಾಯಿತು. ಹೀಗಾದ ವರ್ಷ ಒಂದೇ ಮುಹೂರ್ತಕ್ಕೆ ಊರಿನ ಎಲ್ಲ ಛತ್ರ, ಎಲ್ಲ ಪುರೋಹಿತರು, ಎಲ್ಲ ವಾಲಗದವರಿಗೂ ಬೇಡಿಕೆ. ದರ ಏರುವುದು ಆಗಲೇ.

ಹಾಗಾಗಿ ಪುರೋಹಿತರ ಹತ್ತಿರ ಒಂದು ದಿನ ಕೇಳಬೇಡಿ, ನಾಲ್ಕು ದಿನ ಕೇಳಿ. ಒಂಟಿಕೊಪ್ಪಲ್ ಪಂಚಾಂಗವಿರಲಿ, ನಿಮ್ಮ ಮಠದ ಪಂಚಾಂಗವಿರಲಿ, ಹಾಳೆ ತಿರುವಿದರೆ ವಾರದ ನಡುವೆಯೂ ಒಳ್ಳೆಯ ಲಗ್ನ ಸಿಗುತ್ತದೆ. ಬುಧವಾರದ ಧಾರೆಗೆ ಯಾರೂ ಬರುವುದಿಲ್ಲ ಎಂಬ ಹೆದರಿಕೆ ಬೇಡ. ಬರಲೇಬೇಕಾದವರು ಬುಧವಾರವೂ ಬರುತ್ತಾರೆ.

ನಮ್ಮ ದೊಡ್ಡಮ್ಮನ ನೋಟ್‌ಬುಕ್ಕು

ಸಲಹೆ ಎಲ್ಲಿ ಸಿಗುತ್ತದೆ? ರೀಲ್ಸ್‌ನಲ್ಲಿ ಮಂಟಪಗಳ ಚಂದ ಕಾಣುತ್ತದೆ, ಅದರ ಬಿಲ್ಲು ಕಾಣುವುದಿಲ್ಲ. ಈಚೆಗೆ ಮದುವೆ ಮಾಡಿ ಕೈತೊಳೆದುಕೊಂಡ ಮನೆಯವರಿಗೆ ಎರಡೂ ಗೊತ್ತು.

ನಮ್ಮ ದೊಡ್ಡಮ್ಮ ಮಗಳ ಮದುವೆಗೆಂದು ಒಂದು ಉದ್ದನೆಯ ನೋಟ್‌ಬುಕ್ಕು ಇಟ್ಟಿದ್ದರು. ರಟ್ಟಿಗೆ ಅರಿಶಿನದ ಬೆರಳಚ್ಚು. ಮೊದಲ ಪುಟದಲ್ಲಿ ಗಣಪತಿಗೆ ಒಂದು ‘ಶ್ರೀ’. ಆಮೇಲೆ ಎಡಗಡೆ ಅಂದುಕೊಂಡದ್ದು, ಬಲಗಡೆ ಆದದ್ದು. “ಎಲೆ 750 ತರಿಸಿದ್ದು, ಹಾಕಿದ್ದು 540.” “ಮೊಸರು ಸಾಲದೆ ಎರಡನೇ ಪಂಕ್ತಿಗೆ ಮತ್ತೆ ತರಿಸಿದ್ದು.” “ಜನರೇಟರ್ ಡೀಸೆಲ್ ನಮ್ಮ ತಲೆಗೇ ಬಂತು, ಮೊದಲು ಹೇಳಿರಲಿಲ್ಲ.” “ಬೀಗರ ಕಡೆ ಇಬ್ಬರು ಸಕ್ಕರೆ ಕಾಯಿಲೆಯವರು, ಸಪ್ಪೆ ಪಾಯಸ ತೆಗೆದಿಡಬೇಕಿತ್ತು.” ಕೊನೆಯ ಪುಟಗಳಲ್ಲಿ ಮುಯ್ಯಿ: ಯಾರು, ಯಾವ ಊರು, ಎಷ್ಟು.

ಆ ನೋಟ್‌ಬುಕ್ಕು ಆಮೇಲೆ ನಮ್ಮ ಬಳಗದ ಎಷ್ಟೋ ಮನೆ ಸುತ್ತಿತು. ಪ್ರತಿ ಮನೆಯವರೂ ತಮ್ಮದೊಂದಿಷ್ಟು ಸಾಲು ಸೇರಿಸಿದರು. ಅದರಲ್ಲಿರುವ ರೇಟುಗಳು ಈಗ ಹಳತಾಗಿವೆ. ಆದರೆ ತರಿಸಿದ ಎಲೆಗೂ ಹಾಕಿದ ಎಲೆಗೂ ಇರುವ ಅಂತರ, ಮರೆತುಹೋಗುವ ಖರ್ಚುಗಳ ಪಟ್ಟಿ, ಇವು ಇವತ್ತಿಗೂ ಹಾಗೇ ಹೊಂದುತ್ತವೆ.

ಇಂಥ ಪುಸ್ತಕ ನಿಮ್ಮ ನೆಂಟರಲ್ಲಿ, ಓಣಿಯಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ. ಸಂಕೋಚ ಬಿಟ್ಟು ಕೇಳಿ. “ನಿಮ್ಮನೇಲಿ ಎಷ್ಟಾಯ್ತು?” ಎಂದು ಕೇಳುವುದು ಒರಟು ಅನ್ನಿಸಬಹುದು. “ಏನು ಸಾಲದೆ ಬಂತು, ಏನು ಹೆಚ್ಚಾಯ್ತು?” ಎಂದು ಕೇಳಿ ನೋಡಿ. ಮಾತು ತಾನಾಗಿ ಬರುತ್ತದೆ, ಅದರ ಜೊತೆಗೆ ಭಟ್ಟರ ನಂಬರೂ ಬರುತ್ತದೆ.

ಮೂರು ಪಟ್ಟಿ, ಮೂರು ಹೊತ್ತು

ತಲೆಲೆಕ್ಕಕ್ಕೆ ಎರಡೂ ಮನೆಯವರು ಒಟ್ಟಿಗೆ ಕೂರುವುದು ಒಳ್ಳೆಯದು. ಹೆಸರುಗಳನ್ನು ಮೂರು ಪಟ್ಟಿ ಮಾಡಿ. ಧಾರೆಯ ಹೊತ್ತಿಗೆ ಮಂಟಪದ ಹತ್ತಿರ ಇರಲೇಬೇಕಾದವರು. ಬಂದು ಅಕ್ಷತೆ ಹಾಕಿ ಊಟ ಮಾಡಿ ಹೋಗುವವರು. ವಿಷಯ ತಿಳಿಸಿದರೆ ಸಾಕು, ಮನೆಗೆ ಕರೆದು ಊಟ ಹಾಕಬಹುದಾದವರು. ಮೂರನೆಯ ಪಟ್ಟಿ ಬರೆಯುವ ಧೈರ್ಯ ಮಾಡಿದ ಮನೆಗೆ ಅರ್ಧ ಹೊರೆ ಇಳಿದ ಹಾಗೆ.

ಕಾರ್ಡಿನ ಲೆಕ್ಕವೇ ಬೇರೆ, ಎಲೆಯ ಲೆಕ್ಕವೇ ಬೇರೆ. ಆಫೀಸಿಗೆ ಹಂಚಿದ ಒಂದು ಕಾರ್ಡಿಗೆ ಹತ್ತು ಜನ ಬರಬಹುದು. ದೂರದ ಊರಿಗೆ ಕಳಿಸಿದ ಹತ್ತು ಕಾರ್ಡಿಗೆ ಒಬ್ಬರೂ ಬಾರದಿರಬಹುದು. ಹಾಗೆಯೇ ಹಿಂದಿನ ರಾತ್ರಿಯ ಊಟ, ಬೆಳಗಿನ ತಿಂಡಿ, ಮುಹೂರ್ತದ ಊಟ ಮೂರಕ್ಕೂ ಒಂದೇ ಸಂಖ್ಯೆ ಕೊಡಬಾರದು. ಸಂಜೆ ಆರತಕ್ಷತೆಗೆ ಬಂದು ಹೋದ ನಗರದ ಸ್ನೇಹಿತರು ಬೆಳಗ್ಗೆ ಇಡ್ಲಿ ತಿನ್ನಲು ಇರುವುದಿಲ್ಲ. ಹಳ್ಳಿಯಿಂದ ಬಸ್ಸು ಮಾಡಿಕೊಂಡು ಬಂದವರು ಮೂರೂ ಹೊತ್ತು ಇರುತ್ತಾರೆ.

ಅನುಭವವಿರುವ ಭಟ್ಟರು ಈ ಮೂರು ಸಂಖ್ಯೆ ಕೇಳಿಯೇ ಸಾಮಾನು ಪಟ್ಟಿ ಬರೆಯುತ್ತಾರೆ. ತೊಗರಿಬೇಳೆ, ಚಿರೋಟಿ ರವೆ, ಬೆಲ್ಲ, ತುಪ್ಪದಿಂದ ಶುರುವಾಗಿ, ಒಲೆ ಒರೆಸುವ ಬಟ್ಟೆ, ಬೆಂಕಿಪೊಟ್ಟಣದವರೆಗೆ ಅದರಲ್ಲಿರುತ್ತದೆ. ಸಾಮಾನು ನೀವು ತಂದುಕೊಟ್ಟು ಕೂಲಿ ಮಾತ್ರ ಅವರಿಗೆ ಕೊಡುವುದು ಒಂದು ಬಗೆ. ಎಲೆಗೆ ಇಷ್ಟು ಎಂದು ಪೂರ್ತಿ ಗುತ್ತಿಗೆ ಕೊಡುವುದು ಇನ್ನೊಂದು. ಮನೆಯಲ್ಲಿ ಓಡಾಡುವ ಗಟ್ಟಿಗರಿದ್ದರೆ ಮೊದಲನೆಯದರಲ್ಲಿ ದುಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಗುತ್ತಿಗೆಯೇ ನೆಮ್ಮದಿ. ಗುತ್ತಿಗೆಯಾದರೆ ಒಂದು ಮಾತು ಬರೆಸಿಕೊಳ್ಳಿ: ಒಪ್ಪಿದ್ದಕ್ಕಿಂತ ಎಲೆ ಕಡಿಮೆಯಾದರೆ ಏನು, ಹೆಚ್ಚಾದರೆ ಏನು, ಎಣಿಸುವವರು ಯಾರು?

ಐಟಂಗಳ ಸಂಖ್ಯೆಯ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ. ಕೋಸಂಬರಿ, ಎರಡು ಪಲ್ಯ, ಗೊಜ್ಜು, ಚಿತ್ರಾನ್ನ, ತೊವ್ವೆ, ಸಾರು, ಹುಳಿ, ಪಾಯಸ, ಹೋಳಿಗೆ, ಮಜ್ಜಿಗೆಹುಳಿ, ಮೊಸರು. ಇಷ್ಟು ಬಿಸಿಯಾಗಿ, ಕೇಳಿ ಕೇಳಿ ಬಡಿಸಿದರೆ ಉಂಡವರು ವರ್ಷಗಟ್ಟಲೆ ನೆನೆಯುತ್ತಾರೆ. ಇದಕ್ಕೆ ಪರೋಟ, ಗೋಬಿ, ನಾಲ್ಕು ಬಗೆಯ ಸಿಹಿ ಸೇರಿದರೆ ಎಲೆಯಲ್ಲಿ ಬಿಟ್ಟೇಳುವುದೇ ಹೆಚ್ಚು. ದಶಕಕ್ಕೂ ಹಿಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ ನಗರದ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿ, ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತಿದೆ ಎಂದು ಅಂದಾಜು ಮಾಡಿತ್ತು. ಹಸಿದವರಿರುವ ನಾಡಿನಲ್ಲಿ ಇದು ಎದೆ ಚುಚ್ಚುವ ಸಂಖ್ಯೆ.

> ಛತ್ರದವರನ್ನು ಕೇಳಿ, ರಸೀದಿಯಲ್ಲಿ ಬರೆಸಿ
>
> ಬೀಗದ ಕೈ ಎಷ್ಟು ಗಂಟೆಗೆ ಕೊಡುತ್ತಾರೆ, ಎಷ್ಟಕ್ಕೆ ಖಾಲಿ ಮಾಡಬೇಕು? ಹೇಳಿದ ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ?
>
> ಕರೆಂಟು, ಡೀಸೆಲ್, ಗ್ಯಾಸ್, ನೀರಿನ ಟ್ಯಾಂಕರ್, ಕ್ಲೀನಿಂಗ್ ಬೇರೆಯೇ?
>
> ಹೂವಿನವರು, ಅಡುಗೆಯವರು ಛತ್ರದ ಕಡೆಯವರೇ ಆಗಬೇಕೇ? ಹೊರಗಿನವರನ್ನು ತಂದರೆ ದಂಡ ಉಂಟೇ?
>
> ಊಟದ ಹಾಲು ಮಹಡಿಯ ಮೇಲಿದ್ದರೆ ಲಿಫ್ಟ್ ಇದೆಯೇ? ಅಜ್ಜಿಯರು ಮೆಟ್ಟಿಲು ಹತ್ತಬಲ್ಲರೇ?
>
> ಸೂತಕವೋ ಇನ್ನೊಂದೋ ಬಂದು ದಿನ ಮುಂದೆ ಹೋದರೆ ಮುಂಗಡದ ಗತಿ ಏನು?
>
> ನೆನಪಿರಲಿ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಕೊಟ್ಟ ಮಾತು ತಪ್ಪಿದವರ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ದೂರಿಗೆ ರಸೀದಿಯೇ ಆಧಾರ.

ಬಂಗಾರದ ಅಂಗಡಿಯಲ್ಲಿ ಐದು ನಿಮಿಷ

ತಾಳಿ, ಸರ, ಬಳೆ ಎಂದು ಕುಟುಂಬವೊಂದು ಒಂದೇ ದಿನ ಹೆಚ್ಚು ದುಡ್ಡು ಸುರಿಯುವುದು ಇಲ್ಲೇ. ಅಂಗಡಿಯಲ್ಲಿ ಕೂತಾಗ ಕಣ್ಣು ವಿನ್ಯಾಸದ ಮೇಲಿರುತ್ತದೆ. ಭೂತಗನ್ನಡಿ ಕೇಳಿ, ಒಡವೆಯ ಒಳಮೈ ನೋಡಿ. ಬಿಐಎಸ್ ಗುರುತು, ಶುದ್ಧತೆಯ ಅಂಕಿ (22 ಕ್ಯಾರಟ್‌ಗೆ 916), ಅದರ ಪಕ್ಕ ಅಕ್ಷರ ಮತ್ತು ಅಂಕಿ ಬೆರೆತ ಆರು ಚಿಹ್ನೆಗಳ ಎಚ್‌ಯುಐಡಿ ಇರಬೇಕು. 2023ರ ಏಪ್ರಿಲ್ 1ರಿಂದ ಈ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಆರು ಚಿಹ್ನೆ ಹೊಡೆದರೆ ಅದು ಬಳೆಯೋ ಸರವೋ, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು, ಶುದ್ಧತೆ ಎಷ್ಟು ಎಲ್ಲವೂ ಬರುತ್ತದೆ. ಕೈಯಲ್ಲಿ ಬಳೆಯಿದ್ದು ಪರದೆಯ ಮೇಲೆ ಉಂಗುರ ಎಂದು ಬಂದರೆ ಅಲ್ಲೇ ನಿಲ್ಲಿಸಿ.

2 ಗ್ರಾಂಗಿಂತ ಕಡಿಮೆ ತೂಕದವಕ್ಕೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಹಾಗಾಗಿ ತಾಳಿಯ ಗುಂಡು, ಕಾಸು ಕೊಳ್ಳುವಾಗ ಬಿಲ್ಲಿನಲ್ಲಿ ಶುದ್ಧತೆ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಕಲ್ಲಿನ ತೂಕ ಬೇರೆ, ಬಂಗಾರದ ತೂಕ ಬೇರೆ, ಕೂಲಿ ಬೇರೆ ಎಂದು ಬಿಡಿಸಿ ಬರೆದ ಬಿಲ್ಲೇ ಬಿಲ್ಲು.

ಸೀರೆಯ ವಿಷಯದಲ್ಲಿ ಮನೆಯ ಹೆಂಗಸರಿಗೆ ನಾನು ಹೇಳಬೇಕಾದದ್ದು ಕಡಿಮೆ. ಮೈಸೂರಿನ ರೇಷ್ಮೆ ಕಾರ್ಖಾನೆ 1912ರಿಂದ ನೇಯುತ್ತ ಬಂದ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಬಂಗಾರ. ಬೇರೆಡೆ ಕೊಳ್ಳುವಾಗ ‘ಸಿಲ್ಕ್ ಮಾರ್ಕ್’ ಚೀಟಿ ನೋಡಿ. ಧಾರೆಗೆ ಒಂದು ಇಳಕಲ್ಲನ್ನೋ ಮೊಳಕಾಲ್ಮೂರು ಸೀರೆಯನ್ನೋ ಆರಿಸಿದರೆ ನಮ್ಮದೇ ಮಗ್ಗಕ್ಕೆ ಒಂದು ಹೊತ್ತಿನ ಕೆಲಸ ಕೊಟ್ಟಂತಾಯಿತು, ಅಷ್ಟು ಹೇಳದೆ ಇರಲಾರೆ.

> ಮಲ್ಲಿಗೆಯ ಲೆಕ್ಕ
>
> ಉಡುಪಿ ಮಲ್ಲಿಗೆ ಮೊಳದ ಲೆಕ್ಕದಲ್ಲಲ್ಲ, ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಂದು ಚೆಂಡಿಗೆ ಸುಮಾರು 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಡುಪಿಯ ಶಂಕರಪುರದಲ್ಲಿ ದಿನದಿನವೂ ದರ ನಿಗದಿಯಾಗುತ್ತದೆ. ಲಗ್ನ ಹೆಚ್ಚಿದ ದಿನ ದರವೂ ಹೆಚ್ಚು. ಮದುವೆಗೆ ಬೇಕಾದಷ್ಟನ್ನು ಬೆಳೆಗಾರರಿಗೆ ಮೊದಲೇ ಹೇಳಿಟ್ಟವರು ಹೂವಿಲ್ಲದೆ ಪರದಾಡುವುದು ತಪ್ಪುತ್ತದೆ.

ಬೇರೆಯವರ ಕೈಗೆ ಕೊಡುವುದಾದರೆ

ಗಂಡ ಹೆಂಡತಿ ಇಬ್ಬರೂ ದುಡಿಯುವ, ಅಣ್ಣತಮ್ಮಂದಿರು ನಾಲ್ಕು ದೇಶಗಳಲ್ಲಿರುವ ಮನೆಗೆ ಈವೆಂಟ್ ಮ್ಯಾನೇಜ್‌ಮೆಂಟ್‌ನವರು ಬೇಕಾಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅವರನ್ನು ಒಂದು ಪ್ರಶ್ನೆ ನೇರವಾಗಿ ಕೇಳಿ: “ನಮ್ಮಿಂದ ನಿಮಗೆ ಇಷ್ಟು ಬರುತ್ತೆ, ಹೂವಿನವರಿಂದ, ಅಡುಗೆಯವರಿಂದ ಎಷ್ಟು ಬರುತ್ತೆ?” ಕಮಿಷನ್ ಇದ್ದರೂ ಇರಲಿ, ಮುಚ್ಚುಮರೆ ಇರಬಾರದು. ಅವರು ಹಿಂದಿನ ತಿಂಗಳು ಮಾಡಿಸಿದ ಮದುವೆ ಮನೆಯವರ ನಂಬರು ಕೇಳಿ ಪಡೆದು ಮಾತಾಡಿ.

ಫೋಟೊದವರ ಹತ್ತಿರ ಆಲ್ಬಮ್ಮು ಯಾವ ತಿಂಗಳು ಕೈಸೇರುತ್ತದೆ, ಎಡಿಟ್ ಮಾಡದ ಚಿತ್ರಗಳೆಲ್ಲ ನಿಮಗೆ ಸಿಗುತ್ತವೆಯೇ ಎಂಬ ಎರಡು ಮಾತು ಬರೆಸಿಕೊಂಡರೆ ಸಾಕು.

ಲಗ್ನಪತ್ರಿಕೆಯ ಬಗ್ಗೆ ಮಾತ್ರ ಹೆಚ್ಚಿನವರು ಗಮನಿಸದ ಒಂದು ವಿಷಯ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮಾಡಿಸಿ, ನಿಮ್ಮೂರಿನ ಪ್ರೆಸ್ಸಿನಲ್ಲೇ ಮಾಡಿಸಿ, ವಧೂವರರ ಹೆಸರು ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಅಚ್ಚಾಗಲಿ. ಮನೆಯಲ್ಲಿ ಕರೆಯುವ ‘ಚಿನ್ನು’ವನ್ನು ಆವರಣದಲ್ಲಿ ಹಾಕಿಕೊಳ್ಳಬಹುದು. ಮದುವೆಯ ನೋಂದಣಿಗೆ ಈ ಪತ್ರಿಕೆಯೇ ದಾಖಲೆಯಾಗುತ್ತದೆ.

ಖರ್ಚು ಯಾರದು?

ಹೆಣ್ಣಿನ ಕಡೆಯವರೇ ಪೂರ್ತಿ ಖರ್ಚು ಹೊರಬೇಕೆಂಬ ರೂಢಿಯನ್ನು ಇನ್ನಾದರೂ ಬಿಡೋಣ ಎಂದು ಮನಸ್ಸು ಬಿಚ್ಚಿ ಕೇಳಿಕೊಳ್ಳುತ್ತೇನೆ. ಇಬ್ಬರೂ ಓದಿದ್ದಾರೆ, ಇಬ್ಬರೂ ದುಡಿಯುತ್ತಾರೆ, ಮದುವೆಯೂ ಇಬ್ಬರದು. ನಿಶ್ಚಿತಾರ್ಥದ ದಿನವೇ ಎರಡೂ ಮನೆಯವರು ಕೂತು ಒಟ್ಟು ಇಷ್ಟು, ನಮ್ಮದಿಷ್ಟು, ನಿಮ್ಮದಿಷ್ಟು ಎಂದು ಬರೆದುಕೊಳ್ಳುವುದು ಹಲವು ಮನೆಗಳಲ್ಲಿ ಈಗ ನಡೆಯುತ್ತಿದೆ. ಜಮೀನು ಅಡವಿಟ್ಟು ಮಾಡಿದ ಮದುವೆಯ ಬಡ್ಡಿ, ಮಗಳು ಬಾಣಂತನಕ್ಕೆ ಬರುವ ಹೊತ್ತಿಗೂ ತೀರಿರುವುದಿಲ್ಲ. ಆ ತಂದೆಯ ಮುಖ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯಡಿ ಅಪರಾಧ. ಸ್ವಂತ ಇಚ್ಛೆಯಿಂದ ಕೊಡುವ ಉಡುಗೊರೆಗಳಿಗೂ ಒಂದು ನಿಯಮವಿದೆ. 1985ರ ನಿಯಮಗಳ ಪ್ರಕಾರ ವಧುವಿಗೆ ಬಂದದ್ದರ ಪಟ್ಟಿಯನ್ನು ವಧು, ವರನಿಗೆ ಬಂದದ್ದರ ಪಟ್ಟಿಯನ್ನು ವರ ಇಟ್ಟುಕೊಳ್ಳಬೇಕು. ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನಾಗಬೇಕು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಅಜ್ಜಿ ಕೊಟ್ಟ ಜುಮುಕಿ ಯಾರದೆಂಬ ಪ್ರಶ್ನೆ ಮುಂದೊಂದು ದಿನ ಎದ್ದರೆ ಆ ಹಾಳೆಯೇ ಹೆಣ್ಣುಮಗಳ ಕೈ ಹಿಡಿಯುತ್ತದೆ. ಮುಯ್ಯಿ ಬರೆಯುವ ಪದ್ಧತಿ ನಮ್ಮಲ್ಲಿ ಹೇಗೂ ಇದೆ, ಉತ್ತರ ಕರ್ನಾಟಕದಲ್ಲಿ ಆಯೇರಿ ಬರೆಯುತ್ತಾರೆ. ಅದರ ಜೊತೆಗೆ ಇನ್ನೊಂದು ಹಾಳೆ, ಅಷ್ಟೇ.

ಸರಳವಾಗಿ ಮಾಡುವವರಿಗೆ ದಾರಿ

ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರಿಗೆ 1966ರಲ್ಲಿ ಮಾಡಿಸಿದ ಮದುವೆ ಮಂತ್ರ ಮಾಂಗಲ್ಯ ಪದ್ಧತಿಯದು. ಕೆಲವೇ ಜನರ ಮುಂದೆ ಹಿರಿಯರೊಬ್ಬರು ಓದುತ್ತಾರೆ, ವಧೂವರರು ಅದನ್ನು ಹೇಳಿ ಒಪ್ಪಿಕೊಳ್ಳುತ್ತಾರೆ. ಆಡಂಬರವಿಲ್ಲ, ವರದಕ್ಷಿಣೆಯಿಲ್ಲ. ಇವತ್ತಿಗೂ ನಾಡಿನ ಅಲ್ಲಲ್ಲಿ ಯುವಕ ಯುವತಿಯರು ಹೀಗೆ ಮದುವೆಯಾಗುತ್ತಿದ್ದಾರೆ. ಓದುವ ಪಠ್ಯ ಪುಟ್ಟ ಪುಸ್ತಕವಾಗಿ ಸಿಗುತ್ತದೆ. ಹಿಂದೆ ಹೀಗೆ ಮದುವೆಯಾದ ದಂಪತಿಯೊಂದನ್ನು ಹುಡುಕಿ ಮಾತಾಡಿಸಿದರೆ ಮನೆಯ ಹಿರಿಯರನ್ನು ಒಪ್ಪಿಸುವ ಉಪಾಯವೂ ಸಿಗುತ್ತದೆ.

ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹ ಆರಂಭಿಸಿದರು. ಸೀರೆ, ಪಂಚೆ, ಮಾಂಗಲ್ಯ ಎಲ್ಲವೂ ಕ್ಷೇತ್ರದ್ದೇ, ಮೊದಲೇ ಹೆಸರು ನೋಂದಾಯಿಸಬೇಕು. ಸುತ್ತೂರು ಜಾತ್ರೆಯಲ್ಲೂ ಸಾಮೂಹಿಕ ವಿವಾಹಗಳು ನಡೆಯುತ್ತವೆ. ಮುಜರಾಯಿ ದೇವಾಲಯಗಳಿಗಾಗಿ 2020ರಲ್ಲಿ ರೂಪುಗೊಂಡ ‘ಸಪ್ತಪದಿ’ ಯೋಜನೆಯಲ್ಲಿ ಪ್ರತಿ ಜೋಡಿಗೆ 8 ಗ್ರಾಂ ಬಂಗಾರದ ತಾಳಿ ಸೇರಿ 55,000 ರೂಪಾಯಿಯ ನೆರವು ಗೊತ್ತುಮಾಡಲಾಗಿತ್ತು. ನಿಮ್ಮೂರಿನ ದೊಡ್ಡ ದೇವಸ್ಥಾನದ ಕಾರ್ಯನಿರ್ವಹಣಾಧಿಕಾರಿಯ ಕಚೇರಿಯಲ್ಲಿ ಈ ವರ್ಷದ ದಿನಾಂಕ ಮತ್ತು ಷರತ್ತು ವಿಚಾರಿಸಿ.

ಗಾರೆ ಕೆಲಸ, ಕಬ್ಬಿಣ ಕಟ್ಟುವ ಕೆಲಸ ಮಾಡುವವರ ಮನೆಗಳಿಗೆ ಇದು ತಲುಪಲೇಬೇಕು: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರಿಗೆ ತಮ್ಮ ಅಥವಾ ಮಕ್ಕಳ ಮದುವೆಗೆ 60,000 ರೂಪಾಯಿ ಸಹಾಯಧನದ ಸೌಲಭ್ಯವಿದೆ. ಅರ್ಜಿಗೆ ಗಡುವಿರುತ್ತದೆ. ಮದುವೆಗೆ ಮೊದಲೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಬೇಕಾದ ಕಾಗದಪತ್ರಗಳನ್ನು ಕೇಳಿಕೊಂಡು ಬನ್ನಿ. ಪರಿಶಿಷ್ಟ ಜಾತಿಯವರನ್ನು ವರಿಸಿದ ಅಂತರ್ಜಾತಿ ದಂಪತಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವೂ ಇದೆ.

ಸ್ಟೀಲ್ ತಟ್ಟೆ, ಲೋಟ ಬೇಕಾದ ಬೆಂಗಳೂರಿನವರಿಗೆ ಅದಮ್ಯ ಚೇತನ ಸಂಸ್ಥೆಯ ‘ಪ್ಲೇಟ್ ಬ್ಯಾಂಕ್’ ಇದೆ. ಹಳ್ಳಿಗಳಲ್ಲಿ ದೇವಸ್ಥಾನದ ಪಾತ್ರೆಗಳು ಈಗಲೂ ಮದುವೆ ಮನೆಗಳಿಗೆ ಬರುತ್ತವೆ. ಪ್ಲಾಸ್ಟಿಕ್ ಲೋಟದ ರಾಶಿ ಊರ ಕೆರೆಗೆ ಸೇರದಿರಲು ಇಂಥ ಏರ್ಪಾಡುಗಳೇ ಬೇಕು.

> ನೋಂದಣಿ: ಇಷ್ಟು ತಿಳಿದಿರಲಿ
>
> ಹುಡುಗನಿಗೆ 21, ಹುಡುಗಿಗೆ 18 ತುಂಬಿರಲೇಬೇಕು. ಎಲ್ಲಾದರೂ ಬಾಲ್ಯವಿವಾಹದ ಸಿದ್ಧತೆ ಕಂಡರೆ 1098ಕ್ಕೆ ತಿಳಿಸಿ.
>
> ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. 2024ರ ಫೆಬ್ರುವರಿಯಿಂದ ‘ಕಾವೇರಿ 2.0’ ಮೂಲಕ ಮನೆಯಿಂದಲೇ ಅರ್ಜಿ ಹಾಕುವ ವ್ಯವಸ್ಥೆಯಿದೆ. ಆಧಾರ್, ಲಗ್ನಪತ್ರಿಕೆ, ಮದುವೆಯ ವಿಡಿಯೊ ಕೈಯಲ್ಲಿರಲಿ.
>
> ಬೇರೆ ಬೇರೆ ಧರ್ಮದವರು ವಿಶೇಷ ವಿವಾಹ ಕಾಯ್ದೆಯಡಿ (1954) ಮದುವೆಯಾಗಬಹುದು. 30 ದಿನದ ನೋಟಿಸು, ಮೂವರು ಸಾಕ್ಷಿಗಳು ಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು.
>
> ವೀಸಾಗೆಂದು ಮೊದಲೇ ಕಾಗದದ ಮೇಲೆ ನೋಂದಾಯಿಸಿ ಆಮೇಲೆ ಮದುವೆ ಮಾಡಿದರಾಯಿತು ಎನ್ನುವವರು ಎಚ್ಚರ. ಶಾಸ್ತ್ರವೇ ನಡೆಯದೆ ಪಡೆದ ಪ್ರಮಾಣಪತ್ರದಿಂದ ಹಿಂದೂ ವಿವಾಹ ಆದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ.

ಉಗ್ರಾಣದ ಬೀಗದ ಕೈ

ಮದುವೆಯ ದಿನ ಹೆತ್ತವರು ಮಣೆಯ ಮೇಲೆ ಕೂತಿರುತ್ತಾರೆ. ಅವರ ಮೊಬೈಲು ಇನ್ನೊಬ್ಬರ ಕೈಯಲ್ಲಿರಬೇಕು. ಹಿಂದಿನವರು ಉಗ್ರಾಣಕ್ಕೆಂದೇ ಒಬ್ಬ ಸೋದರಮಾವನನ್ನೋ ಚಿಕ್ಕಪ್ಪನನ್ನೋ ಕೂರಿಸುತ್ತಿದ್ದರು. ತುಪ್ಪದ ಡಬ್ಬಿಯಿಂದ ತೆಂಗಿನಕಾಯಿಯವರೆಗೆ ಅವರನ್ನು ಕೇಳದೆ ಏನೂ ಹೊರಗೆ ಬರುತ್ತಿರಲಿಲ್ಲ. ಈಗಲೂ ಹಾಗೊಬ್ಬರು ಬೇಕು. ಊಟದ ಹಾಲಿಗೆ ಒಬ್ಬರು, ಬೀಗರ ಉಪಚಾರಕ್ಕೆ ಒಬ್ಬರು, ಪುರೋಹಿತರಿಗೆ ದರ್ಭೆ, ಅರಿಶಿನ, ವೀಳ್ಯದೆಲೆ ಒದಗಿಸಲು ಒಬ್ಬರು. ಈ ಹೆಸರುಗಳನ್ನು ವಾರ ಮೊದಲೇ ಬರೆದು, ಅವರಿಗೆ ತಿಳಿಸಿ, ಭಟ್ಟರಿಗೂ ಛತ್ರದ ಮ್ಯಾನೇಜರಿಗೂ ಅವರ ನಂಬರು ಕೊಟ್ಟಿಡಿ. ವಾಲಗದವರಿಗೆ ಸನ್ನೆ ಮಾಡಿ ಗಟ್ಟಿಮೇಳ ಹೇಳುವವರು ಯಾರೆಂಬುದೂ ಗೊತ್ತಾಗಿರಲಿ. ತಾಳಿ ಕಟ್ಟುವ ಹೊತ್ತಿಗೆ ಅಲ್ಲಿ ಇಲ್ಲಿ ಹುಡುಕುವುದು ತಪ್ಪುತ್ತದೆ.

ಇನ್ನು ಕೊಡಬೇಕಾದ ದುಡ್ಡು. ವಾಲಗದವರು, ಪುರೋಹಿತರು, ಅಡುಗೆಯವರು, ಬಡಿಸಿದ ಹುಡುಗರು, ಚಪ್ಪರ ಹಾಕಿದವರು, ಪಾತ್ರೆ ತೊಳೆದ ಹೆಂಗಸರು, ಎಲೆ ಎತ್ತಿ ಊಟದ ಹಾಲು ಗುಡಿಸಿದವರು ಎಲ್ಲರ ಹೆಸರಲ್ಲೂ ಬೇರೆ ಬೇರೆ ಕವರು ಮಾಡಿ ಹಿಂದಿನ ರಾತ್ರಿಯೇ ಒಬ್ಬರ ಕೈಗೆ ಕೊಟ್ಟಿಡಿ. ಹೆಣ್ಣು ಒಪ್ಪಿಸುವ ಗಡಿಬಿಡಿಯಲ್ಲಿ ತಡವಾಗುವುದು ಯಾವಾಗಲೂ ಕೊನೆಯ ಆ ಇಬ್ಬರಿಗೇ. ಅವರು ಬೆಳಗಿನ ಜಾವ ಬಂದಿರುತ್ತಾರೆ, ಸಂಜೆಯ ಬಸ್ಸು ಹಿಡಿಯಬೇಕಿರುತ್ತದೆ, ಮಾರನೆಯ ದಿನ ಇನ್ನೊಂದು ಛತ್ರದಲ್ಲಿ ಕೆಲಸವಿರುತ್ತದೆ. ಅವರ ಕವರನ್ನು ಎಲ್ಲಕ್ಕಿಂತ ಮೊದಲು ಕೊಡಿ. ಕೊಡುವ ಮೊದಲು ಊಟವಾಯಿತೇ ಎಂದು ಕೇಳಿ, ಆಗಿರದಿದ್ದರೆ ಎಲೆ ಹಾಕಿ ಕೂರಿಸಿ, ಹೋಳಿಗೆ ಇರುವಾಗಲೇ ಬಡಿಸಿ.